ಕೋರ್ದೊಬಾದ ಸೋದರಿಯರು

ಸ್ಪೇನ್ ದೇಶದ ದಕ್ಷಿಣ ಭಾಗಕ್ಕೆ ಆಂಡಲೂಸಿಯಾ ಎಂದು ಹೆಸರು. ಅಲ್ಲಿ ಗ್ವಾದಲ್ಕಿವೀರ್ ನದಿಯ ದಡದಲ್ಲಿ ಕೋರ್ದೊಬಾ ಎಂಬ ಪುರಾತನ ಪಟ್ಟಣವುಂಟು. ಅರಬರ ಆಳ್ವಿಕೆಯಲ್ಲಿ ಇದು ರಾಜಧಾನಿಯಾಗಿತ್ತು. 1236ರಲ್ಲಿ ಕಾಸ್ತೀಲದ ಅರಸನ ಕೈವಶವಾಯಿತು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಆಸ್ಥಾನವನ್ನು ಬಿಟ್ಟು ಪಶ್ಚಿಮಕ್ಕೆ ಬಂದ ಜಿರ್ಯಾಬನೆಂಬ ಗಾಯಕನು ನೆಲೆನಿಂತುದು ಈ ಊರಿನಲ್ಲಿಯೇ. ಅವನು ತನ್ನ ತಂತೀವಾದ್ಯಕ್ಕೆ ಐದನೆಯ ತಂತಿಯನ್ನು ಕೂಡಿಸಿದನೆಂದು ಐತಿಹ್ಯವು ಹೇಳುತ್ತದೆ. ಇಂತಹ ಊರಿನಿಂದ 2002ನೆಯ ಇಸವಿಯ ಬೇಸಿಗೆಯಲ್ಲಿ ಒಂದು ಹಾಡು ಹೊರಟು ಕೆಲವೇ ತಿಂಗಳುಗಳಲ್ಲಿ ಭೂಮಂಡಲವನ್ನು ಸುತ್ತಿಬಂದಿತು. ಅದನ್ನು ಹಾಡಿದವರು ಒಂದೇ ಮನೆಯ ಮೂವರು ಹೆಣ್ಣುಮಕ್ಕಳು. ಹಾಡಿನ ಪಲ್ಲವಿಗೆ ಅರ್ಥವಿರಲಿಲ್ಲ.

ಇಷ್ಟು ಹಗುರವಾದ ಸಂಗತಿಗೆ ಚರಿತ್ರೆಯ ಹೆಸರೇಕೆ ಎಂದು ವಾಚಕರಲ್ಲಿ ಕೆಲವರು ಹುಬ್ಬುಗಂಟಿಕ್ಕಬಹುದು. ರಾಜರ ಕಾಳಗಗಳೂ ಶಾಸನಗಳೂ ಚರಿತ್ರೆಯಾಗುವುದಾದರೆ, ಲಕ್ಷಾಂತರ ಮನೆಗಳ ಮಕ್ಕಳು ಒಂದೇ ಕಾಲದಲ್ಲಿ ಒಂದೇ ಹಾಡಿಗೆ ಕೈಕಾಲು ಆಡಿಸಿದುದೂ ಚರಿತ್ರೆಯೇ ಎಂದು ಈ ಲೇಖಕನ ಅಭಿಪ್ರಾಯ. ಅದಂತಿರಲಿ.

ಈ ಸೋದರಿಯರ ತಂದೆ ಹುವಾನ್ ಮುನ್ಯೋಸ್ ಎಂಬಾತನು ಫ್ಲಮೆಂಕೊ ಸಂಪ್ರದಾಯದ ಗಿಟಾರ್ ವಾದಕ. ಆತನಿಗೆ 'ಎಲ್ ತೊಮಾತೆ' ಎಂದು ಅಡ್ಡಹೆಸರು. ಎಂದರೆ ಟೊಮೇಟೋ ಹಣ್ಣು. ಫ್ಲಮೆಂಕೊ ಕಲಾವಿದರಲ್ಲಿ ಇಂತಹ ಅಡ್ಡಹೆಸರು ಪದವಿಯಂತೆ ನಡೆದುಬರುತ್ತದೆ. ಹುಟ್ಟುಹೆಸರಿಗಿಂತ ಅದೇ ಬಲವಾಗಿ ನಿಲ್ಲುತ್ತದೆ. ತಂದೆ ಟೊಮೇಟೋ ಆದಮೇಲೆ ಮಕ್ಕಳು ಏನಾಗಬೇಕು? ಟೊಮೇಟೋವಿನ ಗೊಜ್ಜಾಗಬೇಕು! ಲೂಸೀಯಾ, ಲೋಲಾ, ಪಿಲಾರ್ ಎಂಬ ಈ ಮೂವರು 'ಲಾಸ್ ಕೆಚಪ್' ಎಂಬ ಹೆಸರನ್ನು ಧರಿಸಿದುದು ಹೀಗೆ. ಅವರ ಮೊದಲನೆಯ ಹಾಡುಸಂಪುಟಕ್ಕೆ 'ಈಹಾಸ್ ದೆಲ್ ತೊಮಾತೆ', ಅಂದರೆ 'ಟೊಮೇಟೋವಿನ ಹೆಣ್ಣುಮಕ್ಕಳು' ಎಂದೇ ಹೆಸರಿಟ್ಟರು. ಹೆಸರಿನ ಹಾಸ್ಯದೊಳಗೆ ತಂದೆಗೆ ಸಲ್ಲಿಸಿದ ಗೌರವವೂ ಅಡಗಿದೆಯೆಂಬುದನ್ನು ಆ ಹಾಡನ್ನು ಹೀಯಾಳಿಸಿದವರು ಗಮನಿಸಲಿಲ್ಲ. (ಟೊಮೇಟೋ ಎಂಬುದು ಸ್ಪೇನಿನ ಸ್ವಂತ ಹಣ್ಣೂ ಅಲ್ಲ, ಸ್ವಂತ ಮಾತೂ ಅಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದಮೇಲೆ ಹಣ್ಣಿನೊಡನೆ ಹೆಸರನ್ನೂ ಹಡಗಿನಲ್ಲಿ ತಂದರು. ಎರವಲು ಪದಾರ್ಥವು ಮನೆಯ ಪದಾರ್ಥವಾಗುವ ಈ ಬಗೆಯನ್ನು ಮುಂದೆಯೂ ಕಾಣುತ್ತೇವೆ.)

ಹಾಡನ್ನು ಕಟ್ಟಿದವರು ಸೋದರಿಯರಲ್ಲ. 'ಕೇಕೊ' ಎಂದು ಪ್ರಸಿದ್ಧನಾದ ಮನುವೆಲ್ ರುಯಿಸ್ ಎಂಬ ಸಂಗೀತ ನಿರ್ಮಾಪಕನು ಅದನ್ನು ರಚಿಸಿದನು. ಮೊದಲು ಒಂದು ಸಣ್ಣ ಧ್ವನಿಮುದ್ರಣ ಸಂಸ್ಥೆಯ ಆಶ್ರಯದಲ್ಲಿದ್ದ ಇವರ ಹಾಡು ಸೋನಿಯಂತಹ ದೊಡ್ಡ ಸಂಸ್ಥೆಯ ಮೂಲಕ ದೇಶದೇಶಗಳ ಅಂಗಡಿಗಳನ್ನು ಸೇರಿತು. ಹಾಡಿನ ಹೆಸರು 'ಅಸೆರೆಹೆ'. ಸ್ಪಾನಿಷ್ ನಿಘಂಟನ್ನು ಎಷ್ಟು ತಿರುವಿ ನೋಡಿದರೂ ಈ ಮಾತು ದೊರೆಯುವುದಿಲ್ಲ. ಅದರ ಹುಟ್ಟನ್ನು ಕೊಂಚ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಈ ಕಥೆಯ ತಿರುಳು ಅಲ್ಲಿದೆ.

ಹಾಡಿನ ನಾಯಕನು ದಿಯೇಗೊ ಎಂಬ ತರುಣ. ಉಲ್ಲಾಸದಿಂದ ಬೀದಿಯ ತಿರುವಿನಲ್ಲಿ ಬರುವ ಇವನ ವೇಷದಲ್ಲಿ ಆಫ್ರಿಕಾದ ಛಾಯೆಯೂ ಉಂಟು, ಹಿತಾನೋ ಜನರ ಛಾಯೆಯೂ ಉಂಟು. ನಟ್ಟಿರುಳಿನಲ್ಲಿ ಇವನು ನೃತ್ಯಶಾಲೆಯನ್ನು ಹೊಗುತ್ತಾನೆ. ತಟ್ಟೆಗಳನ್ನು ನುಡಿಸುವವನು ಇವನ ಗುರುತಿನವನೇ. ಹನ್ನೆರಡು ಗಂಟೆಗೆ ಸರಿಯಾಗಿ ಇವನಿಗೆ ಪ್ರಿಯವಾದ ಹಾಡನ್ನು ಹಾಕುತ್ತಾನೆ. ಆ ಹಾಡು ಇಂಗ್ಲಿಷಿನದು. ದಿಯೇಗೊವಿಗೆ ಇಂಗ್ಲಿಷ್ ಬಾರದು; ಆದರೂ ಕುಣಿಯುತ್ತ, ಕಿವಿಗೆ ಬಿದ್ದಂತೆ ಹಾಡುತ್ತಾನೆ. ಹೀಗೆ ಕಿವಿಗೆ ಬಿದ್ದ ಸದ್ದೇ ಪಲ್ಲವಿ.

ಆ ಇಂಗ್ಲಿಷ್ ಹಾಡು ಯಾವುದು? ಅಮೆರಿಕದ ಷುಗರ್‌ಹಿಲ್ ಗ್ಯಾಂಗ್ ಎಂಬ ಮೂವರ ಮೇಳವು 1979ರಲ್ಲಿ ಹೊರಡಿಸಿದ 'ರ್‍ಯಾಪರ್ಸ್ ಡಿಲೈಟ್'. ತಾಳಕ್ಕೆ ಮಾತನ್ನು ಪೋಣಿಸಿ ಹೇಳುವ ರ್‍ಯಾಪ್ ಎಂಬ ಪದ್ಧತಿಯು ನ್ಯೂಯಾರ್ಕಿನ ಕಪ್ಪು ಜನರ ಕೇರಿಗಳಿಂದ ಹೊರಲೋಕಕ್ಕೆ ಬಂದುದು ಮುಖ್ಯವಾಗಿ ಈ ಹಾಡಿನಿಂದ. ಅದರ ಆರಂಭದ ಮಾತುಗಳೂ ಬಹುಮಟ್ಟಿಗೆ ತಾಳಕ್ಕಾಗಿ ಹುಟ್ಟಿದವು. ಅರ್ಥವನ್ನು ಅಷ್ಟಾಗಿ ಹೊತ್ತವಲ್ಲ. ಅದರ ಸಂಗೀತವೋ, ಅದೇ ವರ್ಷ ಷೀಕ್ ಎಂಬ ಮತ್ತೊಂದು ಮೇಳವು ನುಡಿಸಿದ್ದ ಹಾಡೊಂದರಿಂದ ತೆಗೆದುಕೊಂಡದ್ದು. ಎರವಲಿನ ಮೇಲೆ ಎರವಲು!

ಈ ಇಂಗ್ಲಿಷ್ ಸಾಲುಗಳು ಆಂಡಲೂಸಿಯಾದ ಕಿವಿಯಲ್ಲಿ ಏನಾದುವೆಂಬುದನ್ನು ನೋಡುವುದು ಭಾಷಾಭ್ಯಾಸಿಗಳಿಗೆ ವಿನೋದವಾಗಿರುತ್ತದೆ. ಆ ಸೀಮೆಯವರು ಪದದ ಕೊನೆಯ ವ್ಯಂಜನಗಳನ್ನು ನುಂಗಿ ಮಾತನಾಡುವುದು ಸ್ಪೇನಿನಲ್ಲೆಲ್ಲ ಪ್ರಸಿದ್ಧ. ಇಂಗ್ಲಿಷ್ ಪದಗಳ ಕೊನೆಯ ಪಕಾರವು ಇಲ್ಲಿ ಅಳಿಯಿತು. ಮೊದಲಿನ ಹಕಾರವು ಸ್ಪಾನಿಷಿನ ಗಂಟಲ ಹಕಾರವಾಗಿ ಉಳಿಯಿತು. ಬಿಡಿಬಿಡಿಯಾಗಿದ್ದ ಮೂರು ನಾಲ್ಕು ಮಾತುಗಳು ಒಂದೇ ಮಾತಾಗಿ ಬೆಸೆದುಕೊಂಡು 'ಅಸೆರೆಹೆ' ಎಂದಾಯಿತು. ಎರಡು ಹಾಡುಗಳನ್ನು ಒಂದರ ಮಗ್ಗುಲಲ್ಲಿ ಒಂದನ್ನಿಟ್ಟು ಕೇಳಿದವರಿಗೆ ಈ ಸಂಗತಿಯು ಸ್ಪಷ್ಟವಾಗುತ್ತದೆ. ಆದುದರಿಂದ ಇದನ್ನು ಬರಿಯ ಹುಚ್ಚುಮಾತು ಎನ್ನುವುದು ಸರಿಯಲ್ಲ. ತಿಳಿಯದ ಭಾಷೆಯನ್ನು ಪ್ರೀತಿಸಿದವನ ಬಾಯಲ್ಲಿ ಆ ಭಾಷೆ ಹೇಗೆ ನಲಿಯುತ್ತದೆಂಬುದರ ಯಥಾರ್ಥ ಚಿತ್ರವಿದು. ಫ್ಲಮೆಂಕೊ ಹಾಡಿಕೆಯಲ್ಲಿಯೂ ರಾಗವನ್ನು ಎತ್ತಿಕೊಳ್ಳುವಾಗ ಅರ್ಥವಿಲ್ಲದ ಅಕ್ಷರಗಳನ್ನು ಹಾಡುವ ವಾಡಿಕೆಯುಂಟು. ತಿಲ್ಲಾನವನ್ನು ಬಲ್ಲ ನಮ್ಮವರಿಗೆ ಇದು ವಿಚಿತ್ರವಾಗಿ ತೋರಲಾರದು.

ಇಲ್ಲಿ ಹಿತಾನೋ ಎಂಬ ಜನರ ವಿಷಯವಾಗಿ ಒಂದು ಮಾತು. ಇವರು ಹದಿನೈದನೆಯ ಶತಮಾನದಲ್ಲಿ ಸ್ಪೇನನ್ನು ಸೇರಿದ ರೋಮಾ ಜನಾಂಗದವರು. ಇವರ ಪೂರ್ವಿಕರು ಭರತಖಂಡದ ಉತ್ತರಭಾಗದಿಂದ ಹೊರಟವರೆಂಬುದನ್ನು ಅವರ ಭಾಷೆಯೇ ಸಾರುತ್ತದೆ; ಎರಡು, ಮೂರು, ಐದು ಎಂಬ ಸಂಖ್ಯೆಗಳಿಗೆ ಅವರು ಹೇಳುವ ಮಾತುಗಳನ್ನು ಕೇಳಿದರೆ ಹಿಂದಿಯನ್ನು ಬಲ್ಲವರು ಬೆರಗಾಗುವರು. ಸ್ಪೇನಿನ ಅರಸರು ಇವರ ಉಡುಪನ್ನೂ ನುಡಿಯನ್ನೂ ನಿಷೇಧಿಸಿ ಶಾಸನಗಳನ್ನು ಹೊರಡಿಸಿದರು. 1749ರಲ್ಲಿ ಸಾವಿರಾರು ಮಂದಿಯನ್ನು ಒಮ್ಮೆಗೇ ಹಿಡಿದು ಸೆರೆಯಲ್ಲಿಟ್ಟರು. ಆ ಜನರ ಕೊಡುಗೆ ಬಹಳವಾಗಿರುವ ಫ್ಲಮೆಂಕೊವನ್ನು 2010ರಲ್ಲಿ ಯುನೆಸ್ಕೋ ಸಂಸ್ಥೆಯು ಮಾನವಕುಲದ ಆಸ್ತಿಯೆಂದು ಅಂಗೀಕರಿಸಿತು. ನಮ್ಮ ಸೋದರಿಯರ ಎರಡನೆಯ ಹಾಡಿನ ಹೆಸರಿನಲ್ಲಿ ಬರುವ 'ಪಾಯಾ' ಎಂಬುದೂ, ಹಿತಾನೋಗಳು ತಮ್ಮವಳಲ್ಲದ ಹೆಣ್ಣನ್ನು ಕರೆಯುವ ಮಾತೇ. ಬೀದಿಯ ಹಾಡಿನಲ್ಲಿ ಇಷ್ಟು ಹಳೆಯ ಮಣ್ಣು ಅಂಟಿಕೊಂಡಿರುತ್ತದೆ.

ಹಾಡಿನ ಜೊತೆಗೆ ಒಂದು ಕುಣಿತವೂ ಇತ್ತು. ಕೈಗಳನ್ನು ಒಂದರ ಮೇಲೊಂದು ಆಡಿಸುವುದು, ಹೆಬ್ಬೆರಳನ್ನು ಭುಜದ ಹಿಂದಕ್ಕೆ ತೋರುವುದು, ಹಣೆಯ ಬಳಿ ಕೈಹಿಡಿದು ಮೊಣಕಾಲುಗಳನ್ನು ಆಡಿಸುವುದು, ಇಷ್ಟೇ. ಐದು ವರ್ಷದ ಮಗುವೂ ಅರ್ಧ ಗಳಿಗೆಯಲ್ಲಿ ಕಲಿಯಬಹುದು. ಇದಕ್ಕೆ ಮೊದಲೇ ಸೆವಿಲ್ಯದ ನೆರೆಯ ದೋಸ್ ಎರ್ಮಾನಾಸ್ ಊರಿನ ಇಬ್ಬರು ಹಿರಿಯ ಗಾಯಕರು 'ಮಕರೇನಾ' ಎಂಬ ಹಾಡಿನಿಂದ ಇದೇ ದಾರಿಯನ್ನು ತೆರೆದಿದ್ದರು. ಅದು 1996ರಲ್ಲಿ ಅಮೆರಿಕದಲ್ಲಿ 14 ವಾರ ಮೊದಲನೆಯ ಸ್ಥಾನದಲ್ಲಿತ್ತು. 'ಅಸೆರೆಹೆ'ಗೆ ಅಮೆರಿಕವು ಅಷ್ಟಾಗಿ ಒಲಿಯಲಿಲ್ಲ. ಅಲ್ಲಿ 54ನೆಯ ಸ್ಥಾನಕ್ಕಿಂತ ಮೇಲೇರಲಿಲ್ಲ. ಉಳಿದ ಕಡೆ ಮಾತ್ರ ಪ್ರವಾಹವೇ. ಸ್ಪೇನ್, ಇಟಲಿ, ಫ್ರಾನ್ಸ್, ಜರ್ಮನಿಗಳಲ್ಲಿ ಅಗ್ರಸ್ಥಾನ. 2002ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನಲ್ಲಿಯೂ ಅಗ್ರಸ್ಥಾನ. ಮಾರಾಟವಾದ ಪ್ರತಿಗಳು 70 ಲಕ್ಷವೆಂದು ಗಣನೆ. ಪರದೇಶಗಳಿಗಾಗಿ ಇಂಗ್ಲಿಷ್ ಬೆರೆಸಿದ ಒಂದು ಪಾಠವನ್ನೂ ಪೋರ್ಚುಗೀಸಿನ ಒಂದು ಪಾಠವನ್ನೂ ಹಾಡಿದರು. ಚರಣಗಳನ್ನು ಬದಲಿಸಬೇಕಾಯಿತೇ ಹೊರತು ಪಲ್ಲವಿಯನ್ನು ಯಾರೂ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಇರಲಿಲ್ಲ.

ಅರ್ಥವಿಲ್ಲದ ಕಡೆ ಅರ್ಥವನ್ನು ತುಂಬುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. 'ಅಸೆರೆಹೆ' ಎಂಬುದನ್ನು ಒಡೆದರೆ ಸ್ಪಾನಿಷಿನಲ್ಲಿ 'ಪಾಷಂಡಿಯಾಗುವುದು' ಎಂಬಂತೆ ಕೇಳುತ್ತದೆ; ನಟ್ಟಿರುಳು, ನೃತ್ಯಶಾಲೆ ಮುಂತಾದುವೆಲ್ಲ ಸೈತಾನನ ಪೂಜೆಯ ಸಂಕೇತಗಳು, ಎಂದು ಯಾರೋ ಪತ್ರವೊಂದನ್ನು ಹಬ್ಬಿಸಿದರು. ಅದು ಲ್ಯಾಟಿನ್ ಅಮೆರಿಕದ ಮನೆಮನೆಗೂ ತಲಪಿ ತಾಯಂದಿರನ್ನು ಹೆದರಿಸಿತು. ಅಡಿಗೆಮನೆಯ ಗೊಜ್ಜಿನ ಹೆಸರಿಟ್ಟುಕೊಂಡ ಮೂವರು ಹುಡುಗಿಯರಿಗೆ ಇಂತಹ ಘೋರ ಪದವಿ ದೊರೆಯಬಾರದಾಗಿತ್ತು.

ಮುಂದಿನ ಕಥೆ ಚಿಕ್ಕದು. ಎರಡನೆಯ ಹಾಡಿಗೆ ಮೊದಲಿನದರ ಭಾಗ್ಯವಿರಲಿಲ್ಲ. ಒಂದೇ ಹಾಡಿನವರು ಎಂಬ ಮಾತು ಇವರಿಗೆ ಅಂಟಿಕೊಂಡಿತು. ಅದನ್ನು ಕಟ್ಟಿದವನು ಬೇರೊಬ್ಬನಾದುದರಿಂದ ಕೀರ್ತಿಯ ಪಾಲು ಅವನಿಗೆ ಹೋಗಿ, ಮುಖಗಳು ಇವರವಾದುದರಿಂದ ಅಪಹಾಸ್ಯದ ಪಾಲು ಇವರಿಗೆ ಉಳಿಯಿತು. ಇದು ನ್ಯಾಯವೆಂದು ಈ ಲೇಖಕನಿಗೆ ತೋರುವುದಿಲ್ಲ. ಕೇಳಿದೊಡನೆ ತುಟಿಗೆ ಬರುವ ಆ ಸಲೀಸಾದ ಹಾಡಿಕೆ, ಗಿಟಾರಿನ ನಾದದಲ್ಲಿ ಬೆಳೆದ ಮನೆಯಿಂದ ಬಂದದ್ದು. ಅದನ್ನು ಅಂಗಡಿಯಲ್ಲಿ ಕೊಳ್ಳಲಾಗದು.

2006ರಲ್ಲಿ ನಾಲ್ಕನೆಯ ಸೋದರಿ ರೊಸೀಯೊ ಬಂದು ಕೂಡಿಕೊಂಡಳು. ಆ ವರ್ಷದ ಯೂರೋವಿಷನ್ ಗಾಯನಸ್ಪರ್ಧೆಗೆ ಸ್ಪೇನಿನ ಸರಕಾರೀ ದೂರದರ್ಶನ ಸಂಸ್ಥೆಯು ಇವರನ್ನು ನೇರವಾಗಿ ಆರಿಸಿ ಅಥೆನ್ಸ್ ನಗರಕ್ಕೆ ಕಳುಹಿಸಿತು. ಹಾಡಿನ ಹೆಸರು 'ಉನ್ ಬ್ಲಡಿಮೇರಿ'. ಅದು ಟೊಮೇಟೋ ರಸವನ್ನು ಬೆರೆಸಿ ಮಾಡುವ ಒಂದು ಮದ್ಯದ ಹೆಸರು. ಮನೆತನದ ಹಣ್ಣು ಅಲ್ಲಿಯೂ ಬಿಡಲಿಲ್ಲ. ಈ ಸಲದ ಪಲ್ಲವಿಯಲ್ಲಿ ಪ್ರತಿ ಪದಕ್ಕೂ ಅರ್ಥವಿತ್ತು. ಮೇ 20ರ ರಾತ್ರಿ ಅಂತಿಮ ಸುತ್ತಿನ 24 ದೇಶಗಳಲ್ಲಿ ಸ್ಪೇನಿಗೆ 21ನೆಯ ಸ್ಥಾನ ಬಂದಿತು. ದೊರೆತ ಅಂಕಗಳು ಒಟ್ಟು 18. ಅವುಗಳಲ್ಲಿ 12ನ್ನು ಕೊಟ್ಟದ್ದು ಪಿರೆನೀಸ್ ಬೆಟ್ಟಗಳ ನಡುವೆ ಸ್ಪೇನಿಗೆ ಒತ್ತಿಕೊಂಡಿರುವ, ಸ್ಪಾನಿಷ್ ಮಾತನ್ನು ಚೆನ್ನಾಗಿ ತಿಳಿದ ಅಂದೋರಾ ಎಂಬ ಪುಟ್ಟ ದೇಶ.