ಪಥ್ಯ ಮುಗಿಯುವ ದಿನ

‘ಹೈಕಮಾಂಡ್ ತೀರ್ಮಾನ ಅತೃಪ್ತ ಶಾಸಕರಿಗೆ ಪಥ್ಯವಾಗಿಲ್ಲ.’ ಕನ್ನಡ ಪತ್ರಿಕೆ ಓದುವವರಿಗೆ ಇಂಥ ವಾಕ್ಯ ಹೊಸದಲ್ಲ. ರೋಗಿಯ ಮಂಚದ ಪಕ್ಕದಲ್ಲಿ, ಬಾಣಂತಿ ಕೋಣೆಯಲ್ಲಿ ಬಾಳಿದ ಪಥ್ಯ ಎಂಬ ಮಾತು ಈಗ ರಾಜಕೀಯ ಪುಟಗಳಲ್ಲೇ ಹೆಚ್ಚಾಗಿ ಕಣ್ಣಿಗೆ ಬೀಳುತ್ತದೆ. ಊಟದ ವಿಷಯಕ್ಕೆ ಬಂದರೆ ಅದರ ಜಾಗದಲ್ಲಿ ‘ಡಯಟ್’ ಬಂದು ಕೂತಿದೆ. ಸಕ್ಕರೆ ಕಾಯಿಲೆಯ ಅಜ್ಜ ಮಾಡುವುದು ಪಥ್ಯ, ಕಾಲೇಜಿಗೆ ಹೋಗುವ ಮೊಮ್ಮಗಳು ಮಾಡುವುದು ಡಯಟ್. ಇಬ್ಬರ ತಟ್ಟೆಯಲ್ಲೂ ಇರುವುದು ಅದೇ ಒಣ ಚಪಾತಿ. ಆದರೆ ಮಾತು ಬದಲಾದಾಗ, ಹಳೆಯ ಮಾತಿನ ಬೆನ್ನಿಗಿದ್ದ ಒಂದು ತಿಳಿವಳಿಕೆಯೂ ಕೈಬಿಟ್ಟುಹೋಗಿದೆ ಎಂದು ನನಗನಿಸುತ್ತದೆ. ಹಿತಮಿತವಾಗಿ ಉಣ್ಣುವುದು ಯಾವುದು, ಊಟದ ಚಿಂತೆಯೇ ಕಾಯಿಲೆಯಾಗುವುದು ಯಾವಾಗ ಎಂದು ತಿಳಿಯಬೇಕಾದವರಿಗೆ ಆ ತಿಳಿವಳಿಕೆ ಇವತ್ತು ತುಂಬ ಬೇಕಾಗಿದೆ.

ಪಥ್ಯದ ಬೇರು ‘ಪಥ’, ದಾರಿ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಈ ಪದದ ವಿವರಣೆ ಬರುತ್ತದೆ. ದೇಹದ ದಾರಿಗಳಿಗೆ ಕೇಡು ಮಾಡಬಾರದು, ಮನಸ್ಸಿಗೂ ಪ್ರಿಯವಾಗಿರಬೇಕು. ಆಗ ಅದು ಪಥ್ಯ ಎಂಬುದು ಅಲ್ಲಿನ ಅಭಿಪ್ರಾಯ. ಮನಸ್ಸಿನ ಮಾತನ್ನು ಅಷ್ಟು ಹಿಂದೆಯೇ ಊಟದ ಲೆಕ್ಕಕ್ಕೆ ಸೇರಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಅಷ್ಟೇ ಅಲ್ಲ, ಯಾವ ಪದಾರ್ಥವೂ ಎಲ್ಲರಿಗೂ ಎಲ್ಲ ಕಾಲಕ್ಕೂ ಪಥ್ಯವೆಂದಿಲ್ಲ, ಪ್ರಮಾಣ, ಕಾಲ, ಅಡುಗೆಯ ರೀತಿ, ಊರು, ತಿನ್ನುವವರ ದೇಹಸ್ಥಿತಿ ಎಲ್ಲವನ್ನೂ ನೋಡಿ ಹೇಳಬೇಕು ಎಂದೂ ಅಲ್ಲಿದೆ. ಅಳಲೆಕಾಯಿಗೆ ಸಂಸ್ಕೃತದಲ್ಲಿ ‘ಪಥ್ಯಾ’ ಎಂದೇ ಒಂದು ಹೆಸರಿದೆ. ಹಾಗೆಂದು ಅಳಲೆಕಾಯಿಯನ್ನೇ ಮೂರು ಹೊತ್ತೂ ತಿನ್ನಿ ಎಂದು ಯಾವ ವೈದ್ಯರೂ ಹೇಳಲಿಲ್ಲ. ನಮ್ಮ ಪತ್ರಿಕೆಗಳ ‘ಪಥ್ಯವಾಗಲಿಲ್ಲ’ದಲ್ಲಿ ಮನಸ್ಸಿಗೆ ಒಗ್ಗುವ ಅರ್ಥ ಹಾಗೇ ಉಳಿದಿದೆ. ಡಯಟ್ ಚಾರ್ಟಿನಲ್ಲಿ ಅದು ಅಳಿಸಿಹೋಗಿದೆ.

ಪಥ್ಯ ಅಂದೊಡನೆ ‘ಬಿಡುವುದು’ ಎಂದಷ್ಟೇ ನೆನಪಾಗುವವರು ಬಾಣಂತಿಯ ಊಟ ನೋಡಬೇಕು. ಬಿಸಿ ಅನ್ನದ ಮೇಲೆ ಧಾರಾಳವಾಗಿ ಒಂದೆರಡು ಮಿಳ್ಳೆ ತುಪ್ಪ, ಅದರ ಮೇಲೆ ಕಾಳುಮೆಣಸು ಜೀರಿಗೆಯ ಸಾರು, ಅಂಚಿಗೆ ಸುಟ್ಟ ಬೆಳ್ಳುಳ್ಳಿ, ಪಕ್ಕದಲ್ಲಿ ಸಬ್ಬಸಿಗೆ ಸೊಪ್ಪಿನ ಪಲ್ಯ. ಹೊತ್ತು ಇಳಿಯುವಾಗ ಅಂಟಿನುಂಡೆ. ಒಣಕೊಬ್ಬರಿ, ಉತ್ತುತ್ತೆ, ಗೋಡಂಬಿ, ಬೆಲ್ಲ, ತುಪ್ಪದಲ್ಲಿ ಅರಳಿಸಿದ ಅಂಟು ಎಲ್ಲ ಸೇರಿ ಮುಷ್ಟಿಯಲ್ಲಿ ಬಿಗಿಯಾಗಿ ಕಟ್ಟಿದ್ದು. ಇಷ್ಟು ಪುಷ್ಟಿಯ ಊಟಕ್ಕೂ ನಮ್ಮವರು ಕರೆದದ್ದು ಪಥ್ಯ ಎಂದೇ. ಇದರಲ್ಲಿ ತಪ್ಪು ಪದ್ಧತಿಗಳೂ ಸೇರಿಕೊಂಡಿವೆ. ಹಾಲೂಡಿಸುವ ತಾಯಿಗೆ ನೀರು ಕಮ್ಮಿ ಕೊಡುವುದು, ಹಣ್ಣು ಮುಟ್ಟಗೊಡದಿರುವುದು ಇವೆಲ್ಲ ನಿಲ್ಲಬೇಕು. ಆದರೆ ಬಳಲಿದ ದೇಹವನ್ನು ತುಂಬಿಸಿ ಎಬ್ಬಿಸಬೇಕೆಂಬ ಮೂಲ ಉದ್ದೇಶ ಸರಿಯಾಗಿಯೇ ಇದೆ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಕಾಯಿಲೆಯ ಪಥ್ಯಕ್ಕೆ ಹೇಳುವವರು ಒಬ್ಬರು, ಬೇಯಿಸುವವರು ಇನ್ನೊಬ್ಬರು, ಉಣ್ಣುವವರು ಮತ್ತೊಬ್ಬರು. ನಾಲ್ಕು ಜನರ ಕಣ್ಣೆದುರಿಗೆ ಅದು ನಡೆಯುತ್ತಿತ್ತು. ಒಂದು ದಿನ ಹಿರಿಯರೋ ವೈದ್ಯರೋ ‘ನಾಳೆಯಿಂದ ಎಲ್ಲ ಊಟ ಮಾಡಬಹುದು’ ಅನ್ನುತ್ತಿದ್ದರು, ಪಥ್ಯ ಮುಗಿಯುತ್ತಿತ್ತು. ವ್ರತಗಳಲ್ಲೂ ಇದೇ ಏರ್ಪಾಡು. ಏಕಾದಶಿಯಂದು ನೀರೂ ಮುಟ್ಟದವರು ದ್ವಾದಶಿ ಬೆಳಗ್ಗೆ ಪಾರಣೆ ಮಾಡಲೇಬೇಕು, ಮಾಡದಿದ್ದರೆ ವ್ರತ ಪೂರ್ತಿಯಾಗುವುದಿಲ್ಲ. ಮಾಧ್ವರ ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ ಇಲ್ಲ, ಮುಂದಿನ ತಿಂಗಳು ಮೊಸರಿಲ್ಲ, ಆಮೇಲೆ ಹಾಲಿಲ್ಲ, ಕೊನೆಗೆ ಬೇಳೆಕಾಳಿಲ್ಲ. ಒಂದನ್ನು ಬಿಡುವಾಗ ಹಿಂದಿನದು ತಟ್ಟೆಗೆ ವಾಪಸು ಬರುತ್ತದೆ. ರಂಜಾನ್ ಉಪವಾಸಕ್ಕೆ ಸಂಜೆಯ ಇಫ್ತಾರ್ ಇದೆ. ಕಾಯಿಲೆಯವರಿಗೆ, ಪ್ರಯಾಣದಲ್ಲಿರುವವರಿಗೆ ವಿನಾಯಿತಿಯೂ ಇದೆ. ಆದರೆ ವಾರಕ್ಕೊಂದಿದ್ದ ಉಪವಾಸವನ್ನು ಎರಡು ಮೂರಕ್ಕೇರಿಸಿ, ದೇವರ ಹೆಸರು ಹೇಳಿ ಊಟ ತಪ್ಪಿಸುವ ಹುಡುಗಿಯರೂ ಇದ್ದಾರೆ. ಅವರ ಮನೆಯವರು ಭಕ್ತಿಯನ್ನು ಹೊಗಳುವ ಮೊದಲು, ಪಾರಣೆ ನೆಮ್ಮದಿಯಿಂದ ಆಗುತ್ತಿದೆಯೇ ಎಂದು ನೋಡಬೇಕು.

ಬೆಂಗಳೂರಿನಲ್ಲಿ ಪರಿಚಯದವರ ಮನೆಯ ಹುಡುಗನೊಬ್ಬನ ವಿಷಯ ಹೇಳುತ್ತೇನೆ. ಸಾಫ್ಟ್‌ವೇರ್ ಕೆಲಸ, ಕೂತು ಕೂತು ಹೊಟ್ಟೆ ಬಂದಿತ್ತು. ಮೊದಲು ಕಾಫಿಗೆ ಸಕ್ಕರೆ ಬಿಟ್ಟ, ಸಂಜೆಯ ಬೋಂಡ ಬಜ್ಜಿ ಬಿಟ್ಟ, ದಿನಾ ನಡೆಯತೊಡಗಿದ. ಎಲ್ಲವೂ ಒಳ್ಳೆಯದೇ. ಆಮೇಲೆ ಮೈದಾ ಹೋಯಿತು, ಅಕ್ಕಿ ಹೋಯಿತು, ಹಾಲು ಹೋಯಿತು, ಯಾವುದೋ ವಿಡಿಯೊ ನೋಡಿ ಬೇಳೆಯೂ ಹೋಯಿತು. ತಟ್ಟೆಯ ಪಕ್ಕ ಒಂದು ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಬಂತು. ಒಂದು ಭಾನುವಾರ ಅವನ ತಾಯಿ ಹುರುಳಿಕಾಯಿ ಪಲ್ಯ ಬಡಿಸಿದರು.

“ಅಮ್ಮಾ, ಇದಕ್ಕೆ ಎಷ್ಟು ಚಮಚ ಎಣ್ಣೆ ಹಾಕಿದ್ದೀಯ?”

“ಒಗ್ಗರಣೆಗೆ ಎಷ್ಟು ಬೇಕೋ ಅಷ್ಟು ಕಣೋ. ನಾನೇನು ಅಳೆದು ಹಾಕ್ತೀನಾ?”

ಅವನು ಜಗಳವಾಡಲಿಲ್ಲ. ಪಲ್ಯವನ್ನು ತಟ್ಟೆಯ ಅಂಚಿಗೆ ಸರಿಸಿದ, ಬೆರಳಿಗಂಟಿದ ಎಣ್ಣೆಯನ್ನು ಟಿಶ್ಯೂ ಕಾಗದದಲ್ಲಿ ಒರೆಸಿಕೊಂಡ, ಎರಡು ತುತ್ತು ಹೋಗಿಬಿಟ್ಟಿತ್ತೆಂದು ರಾತ್ರಿ ಹನ್ನೊಂದು ಗಂಟೆಗೆ ಓಡಲು ಹೊರಟ. ತಂಗಿಯ ಮಗುವಿನ ನಾಮಕರಣಕ್ಕೂ ಬರಲಿಲ್ಲ. ಅಲ್ಲಿ ಊಟಕ್ಕೆ ಕೂರಬೇಕಾಗುತ್ತದೆ ಎಂಬ ಭಯ. ಇಷ್ಟು ದಿನವೂ ನಂಟರಿಷ್ಟರು ಹೇಳುತ್ತಿದ್ದ ಮಾತು ಒಂದೇ: ‘ಏನು ಶಿಸ್ತು ನೋಡಿ ಹುಡುಗನದು!’

ಇಂಥ ಸ್ಥಿತಿಗೆ ಅಮೆರಿಕದ ವೈದ್ಯ ಸ್ಟೀವನ್ ಬ್ರ್ಯಾಟ್‌ಮನ್ 1997ರಲ್ಲಿ ಆರ್ಥೊರೆಕ್ಸಿಯಾ ಎಂದು ಹೆಸರಿಟ್ಟರು. ‘ಸರಿಯಾದ’ ಆಹಾರವನ್ನೇ ತಿನ್ನಬೇಕೆಂಬ ಹಂಬಲ ಬದುಕನ್ನೇ ನುಂಗುವುದು ಅದರ ಲಕ್ಷಣ. ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ 2013ರ ಐದನೇ ಆವೃತ್ತಿಯಲ್ಲಿ ಇದಕ್ಕೆ ಪ್ರತ್ಯೇಕ ಕಾಯಿಲೆಯ ಸ್ಥಾನ ಸಿಕ್ಕಿಲ್ಲ. ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾ, ಮಿತಿಮೀರಿ ತಿಂದು ವಾಂತಿ ಮಾಡಿಕೊಳ್ಳುವ ಬುಲಿಮಿಯಾ, ಹತೋಟಿ ತಪ್ಪಿ ತಿನ್ನುತ್ತಲೇ ಹೋಗುವ ಬಿಂಜ್ ಈಟಿಂಗ್ ಮುಂತಾದವು ಅಲ್ಲಿವೆ. ಹೆಸರು ಪಟ್ಟಿಯಲ್ಲಿ ಇರಲಿ ಬಿಡಲಿ, ಆ ಹುಡುಗನ ಸಂಕಟ ನಿಜ.

ಆಹಾರ ಕಡಿಮೆಯಾದಾಗ ಮನಸ್ಸಿಗೆ ಏನಾಗುತ್ತದೆ ಎಂಬುದಕ್ಕೆ ಒಂದು ಹಳೆಯ ಪ್ರಯೋಗವಿದೆ. ಎರಡನೇ ಮಹಾಯುದ್ಧದ ಕೊನೆಯಲ್ಲಿ, ಯುರೋಪಿನಲ್ಲಿ ಹಸಿದವರಿಗೆ ಮತ್ತೆ ಉಣಿಸುವುದು ಹೇಗೆಂದು ತಿಳಿಯಲು ಮಿನೆಸೋಟ ವಿಶ್ವವಿದ್ಯಾಲಯದ ಆ್ಯನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು ಆರಿಸಿಕೊಂಡರು. ಆತ್ಮಸಾಕ್ಷಿಯ ಕಾರಣದಿಂದ ಯುದ್ಧಕ್ಕೆ ಹೋಗಲೊಪ್ಪದ ಅವರು ತಾವಾಗಿಯೇ ಮುಂದೆ ಬಂದವರು. 1945ರಲ್ಲಿ 24 ವಾರ ಅವರಿಗೆ ದಿನಕ್ಕೆ ಎರಡೇ ಊಟ, ಆಲೂಗಡ್ಡೆ, ಗಡ್ಡೆಗೆಣಸು, ಬ್ರೆಡ್ಡು. ಸುಮಾರು 1,570 ಕ್ಯಾಲೊರಿ. ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ. ಇವತ್ತು ಎಷ್ಟೋ ಡಯಟ್ ಚಾರ್ಟುಗಳಲ್ಲಿ ಕಾಣುವ 1,200 ಕ್ಯಾಲೊರಿಗಿಂತ ಅದು ಹೆಚ್ಚೇ. ಅವರ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಕೈಕಾಲು ತಣ್ಣಗಾದವು, ಎದೆಬಡಿತ ನಿಧಾನವಾಯಿತು.

ತಲೆಯೊಳಗೆ ಆದದ್ದು ಇನ್ನೂ ದೊಡ್ಡದು. ಊಟದ ಬಗ್ಗೆ ತಲೆಕೆಡಿಸಿಕೊಳ್ಳದಿದ್ದ ಗಂಡಸರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಕೊಟ್ಟ ಚೂರನ್ನು ಗಂಟೆಗಟ್ಟಲೆ ಕೂತು ತಿಂದರು, ತಟ್ಟೆ ನೆಕ್ಕಿದರು. ಗೆಳೆಯರು ಬೇಡವಾದರು, ನಗು ಹೋಯಿತು, ಸಣ್ಣದಕ್ಕೂ ಸಿಡುಕು. ಮತ್ತೆ ಊಟ ಸಿಕ್ಕಮೇಲೂ ಕೆಲವರಿಗೆ ತಿಂಗಳುಗಟ್ಟಲೆ ಎಷ್ಟು ತಿಂದರೂ ಸಾಲದಾಯಿತು. ಈ ವಿವರಗಳೆಲ್ಲ 1950ರಲ್ಲಿ ಎರಡು ದಪ್ಪ ಸಂಪುಟಗಳಾಗಿ ಅಚ್ಚಾದವು. ‘ಮನಸ್ಸು ಗಟ್ಟಿ ಮಾಡಿಕೊಂಡು ಊಟ ಮಾಡಬಾರದಾ?’ ಎಂದು ಮಕ್ಕಳನ್ನು ಗದರುವ ತಂದೆತಾಯಿಗಳು ಇದನ್ನು ತಿಳಿದಿರಬೇಕು. ಹಸಿದ ದೇಹ ಮನಸ್ಸನ್ನೇ ಊಟದ ಸುತ್ತ ಕಟ್ಟಿಹಾಕುತ್ತದೆ. ಗದರಿಸಿ ಆ ಕಟ್ಟು ಬಿಚ್ಚಲಾಗುವುದಿಲ್ಲ.

ಹಾಗಾದರೆ ಕಟ್ಟುನಿಟ್ಟೆಲ್ಲ ಕಾಯಿಲೆಯೇ? ಅಲ್ಲ. ಸೀಲಿಯಾಕ್ ಇರುವವರು ಗೋಧಿಯನ್ನು ಒಂದು ಚೂರೂ ಮುಟ್ಟಬಾರದು. ಕಡಲೆಕಾಯಿ ಅಲರ್ಜಿ ಇರುವ ಮಗುವಿನ ತಾಯಿ ಪ್ರತಿ ಪೊಟ್ಟಣದ ಹಿಂದಿನ ಅಕ್ಷರ ಓದಲೇಬೇಕು. ಸಕ್ಕರೆ ಕಾಯಿಲೆಯ ಪಥ್ಯಕ್ಕೆ ಮುಗಿಯುವ ದಿನವೇ ಇಲ್ಲ. ಆದರೂ ಸಕ್ಕರೆ ಕಾಯಿಲೆಯ ಹಿರಿಯರು ಯುಗಾದಿಯ ದಿನ ಅರ್ಧ ಒಬ್ಬಟ್ಟು ತಿಂದು, ಅನ್ನ ಒಂದು ಹಿಡಿ ಕಮ್ಮಿ ಮಾಡಿ, ಸಂಜೆ ಎರಡು ಸುತ್ತು ಹೆಚ್ಚು ನಡೆದು, ರಾತ್ರಿ ನಿದ್ದೆ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಆ ಎರಡು ಸುತ್ತಿಗೂ ನಮ್ಮ ಹುಡುಗನ ರಾತ್ರಿ ಓಟಕ್ಕೂ ವ್ಯತ್ಯಾಸ ಕಾಣದು. ಹಿರಿಯರದು ಲೆಕ್ಕಾಚಾರ, ಹುಡುಗನದು ತನಗೆ ತಾನೇ ಕೊಟ್ಟುಕೊಂಡ ಶಿಕ್ಷೆ. ‘ಪಥ್ಯ ತಪ್ಪಿತು’ ಎನ್ನುವಾಗ ನಮ್ಮವರು ನಾಳೆ ಸರಿಮಾಡಿಕೊಳ್ಳಬಹುದಾದ ಒಂದು ತಪ್ಪನ್ನು ಹೇಳುತ್ತಿದ್ದರು. ಈಗಿನ ಮಾತುಗಳನ್ನು ಕೇಳಿ: ಕ್ಲೀನ್ ಫುಡ್, ಚೀಟ್ ಡೇ, ಗಿಲ್ಟ್. ಮಡಿ, ಮೋಸ, ಪಾಪ ಎಲ್ಲವನ್ನೂ ಒಂದು ತುತ್ತಿನ ಮೇಲೆ ಹೇರಿದ್ದೇವೆ. ಈ ಮಾತುಗಳು ಹದಿಹರೆಯದವರ ಬಾಯಲ್ಲಿ ಸಲೀಸಾಗಿ ಬರುವುದನ್ನು ಕೇಳಿದರೆ ನನಗೆ ನಿಜಕ್ಕೂ ಭಯವಾಗುತ್ತದೆ.

ಆದ್ದರಿಂದ ನಾನು ತಟ್ಟೆಯಲ್ಲಿ ಏನಿದೆ ಎಂದು ನೋಡುವುದಕ್ಕಿಂತ, ಪಥ್ಯ ತಪ್ಪಿದ ದಿನ ಆ ಮನುಷ್ಯ ಹೇಗಿರುತ್ತಾನೆ ಎಂದು ನೋಡಿ ಅನ್ನುತ್ತೇನೆ. ಬಸ್ಸು ತಡವಾಗಿ ಹೋಟೆಲಿನ ಇಡ್ಲಿ ತಿನ್ನಬೇಕಾಗಿ ಬಂದರೆ ತಿಂದು ಮುಂದಿನ ಕೆಲಸ ನೋಡುತ್ತಾನೆಯೇ? ಅಥವಾ ಬೆವರುತ್ತಾನೆಯೇ, ಮರುದಿನ ಉಪವಾಸ ಬೀಳುತ್ತಾನೆಯೇ? ಬಿಟ್ಟ ಪದಾರ್ಥಗಳ ಪಟ್ಟಿಗೆ ಸೇರಿದ್ದು ಯಾವತ್ತಾದರೂ ಹೊರಗೆ ಬಂದಿದೆಯೇ? ಊಟವಾದೊಡನೆ ಬಚ್ಚಲುಮನೆಯ ಬಾಗಿಲು ಹಾಕಿಕೊಳ್ಳುತ್ತಾನೆಯೇ? ಹುಡುಗಿಯಾದರೆ ಮುಟ್ಟು ತಿಂಗಳುಗಟ್ಟಲೆ ನಿಂತಿದೆಯೇ, ಕೂದಲು ಉದುರುತ್ತಿದೆಯೇ, ತಲೆ ಸುತ್ತುತ್ತದೆಯೇ? ತೂಕ ನೋಡಿ ಸಮಾಧಾನ ಪಟ್ಟುಕೊಳ್ಳುವಂತಿಲ್ಲ. ಬುಲಿಮಿಯಾ ಇರುವ ಎಷ್ಟೋ ಜನರ ತೂಕ ಎಲ್ಲರಂತೆಯೇ ಇರುತ್ತದೆ. ಮತ್ತೆ ಮತ್ತೆ ವಾಂತಿ ಮಾಡಿಕೊಂಡರೆ ರಕ್ತದ ಪೊಟ್ಯಾಸಿಯಂ ಇಳಿದು ಎದೆಬಡಿತದ ಲಯವೇ ತಪ್ಪಬಹುದು. ಅನೊರೆಕ್ಸಿಯಾವಂತೂ ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳಲ್ಲಿ ಒಂದು. ‘ಇದೆಲ್ಲ ಫಾರಿನ್ ಕಾಯಿಲೆ’ ಎಂಬ ಮಾತೂ ಸಲ್ಲದು. 2012ರಲ್ಲಿ ಪ್ರಕಟವಾದ ಬೆಂಗಳೂರಿನ ಮನೋವೈದ್ಯರ ಸಮೀಕ್ಷೆಯೊಂದರಲ್ಲಿ, ಉತ್ತರಿಸಿದವರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಇಂಥ ಒಬ್ಬ ರೋಗಿಯನ್ನಾದರೂ ನೋಡಿದ್ದೇವೆ ಎಂದಿದ್ದರು.

ನಮ್ಮ ಮಾತುಕತೆಯ ರೂಢಿಯೂ ಇಲ್ಲಿ ಹೊಣೆ ಹೊರಬೇಕು. ಮದುವೆಮನೆಯಲ್ಲಿ ಎದುರಾದವರಿಗೆ ನಾವು ಮೊದಲು ಹೇಳುವುದೇ ‘ಏನು, ಇಷ್ಟು ದಪ್ಪ ಆಗಿದ್ದೀಯಲ್ಲ!’ ಅಥವಾ ‘ಎಷ್ಟು ಸಣ್ಣ ಆಗಿದ್ದೀಯೇ, ಚೆನ್ನಾಗಿ ಕಾಣ್ತೀಯ!’ ಎರಡೂ ಬೇಡ. ಹೇಗಿದ್ದೀಯ, ಏನು ಓದ್ತಿದ್ದೀಯ ಎಂದು ಕೇಳೋಣ. ಮಕ್ಕಳ ಎದುರಿಗೆ ನಮ್ಮ ಹೊಟ್ಟೆಯನ್ನೂ ತೊಡೆಯನ್ನೂ ಬೈದುಕೊಳ್ಳುವುದನ್ನು ಬಿಡೋಣ.

ಮನೆಯಲ್ಲಿ ಯಾರದಾದರೂ ಪಥ್ಯ ಮುಗಿಯುವ ಸೂಚನೆಯೇ ಇಲ್ಲದೆ ಬೆಳೆಯುತ್ತಿದ್ದರೆ, ದಯವಿಟ್ಟು ಕಾಯಬೇಡಿ. ಊಟದ ಹೊತ್ತಿನಲ್ಲಿ ಜಗಳ ಬೇಡ, ಬೇರೆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ‘ನಿನಗೆ ಕಷ್ಟ ಆಗ್ತಿದೆ ಅಂತ ಕಾಣ್ತಿದೆ’ ಎಂದು ಶುರುಮಾಡಿ. ತೀರಾ ಸೊರಗಿದವರಿಗೆ ಒಮ್ಮೆಲೇ ಹೊಟ್ಟೆ ಬಿರಿಯ ಬಡಿಸಲೂಬೇಡಿ. ರಕ್ತದಲ್ಲಿ ಫಾಸ್ಫೇಟ್ ದಿಢೀರನೆ ಇಳಿದು ಜೀವಕ್ಕೆ ಅಪಾಯವಾಗಬಹುದು, ವೈದ್ಯರ ಕಣ್ಗಾವಲಿನಲ್ಲೇ ಊಟ ಏರಿಸಬೇಕು. ಮೊದಲು ಹತ್ತಿರದ ವೈದ್ಯರಿಗೆ ತೋರಿಸಿ, ಮನೋವೈದ್ಯರನ್ನು ಕಾಣಲು ನಾಚಬೇಡಿ. ಯಾರನ್ನು ಕೇಳಬೇಕೋ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಹಗಲು ರಾತ್ರಿ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.