ಶಿಶುಪಾಲಕಿ

ಶಿಶುಪಾಲಕಿ ಎಂದರೆ ತಂದೆತಾಯಿಯರ ಗೈರುಹಾಜರಿಯಲ್ಲಿ ಅವರ ಮನೆಯಲ್ಲಿಯೇ ಮಗುವಿನ ಆರೈಕೆ ಮಾಡಲು ವೇತನದ ಮೇಲೆ ನೇಮಕಗೊಂಡ ಮಹಿಳೆ. ಆಡುಮಾತಿನಲ್ಲಿ ಈಕೆಯನ್ನು 'ಆಯಾ' ಎಂದೂ ನಗರಗಳಲ್ಲಿ 'ನ್ಯಾನಿ' ಎಂದೂ ಕರೆಯುತ್ತಾರೆ. ಕೆಲವೇ ಗಂಟೆಗಳ ಕಾಲ ಮಗುವನ್ನು ನೋಡಿಕೊಳ್ಳುವವರು 'ಬೇಬಿಸಿಟ್ಟರ್'. ಬಾಣಂತನದಲ್ಲಿ ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯಲು ಬರುವ ಅನುಭವಿ ಹೆಂಗಸರು ಈ ವರ್ಗಕ್ಕೆ ಸೇರುವುದಿಲ್ಲ.

ಇತಿಹಾಸ

'ಆಯಾ' ಪದದ ಮೂಲ ಪೋರ್ಚುಗೀಸ್ ಭಾಷೆಯದು. ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಭಾರತದಲ್ಲಿದ್ದ ಆಂಗ್ಲ ಕುಟುಂಬಗಳು ಸ್ವದೇಶಕ್ಕೆ ಮರಳುವಾಗ ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಕರೆದೊಯ್ಯುತ್ತಿದ್ದವು. ಇಂಗ್ಲೆಂಡ್ ತಲುಪಿದ ಬಳಿಕ, ಹಿಂದಿರುಗುವ ಪ್ರಯಾಣದ ಏರ್ಪಾಡೇ ಇಲ್ಲದೆ ಕೆಲಸದಿಂದ ಬಿಡಿಸಲ್ಪಟ್ಟವರೂ ಇದ್ದರು. ಇಂಥವರಿಗೆ ಲಂಡನ್ನಿನಲ್ಲಿ 'ಆಯಾಗಳ ವಸತಿಗೃಹ' ಆಶ್ರಯ ನೀಡಿತು. ಹ್ಯಾಕ್ನಿ ಪ್ರದೇಶದಲ್ಲಿ ಅದಿದ್ದ ಕಟ್ಟಡಕ್ಕೆ 2022ರಲ್ಲಿ ಸ್ಮಾರಕ ಫಲಕವನ್ನು ಅಳವಡಿಸಲಾಯಿತು. ಬಾಯಿಮಾತಿನ ನೇಮಕಾತಿಯ ಅಪಾಯಕ್ಕೆ ಈ ಆಯಾಗಳ ಪಾಡು ಹಳೆಯ ನಿದರ್ಶನ. ಶಿಶುಪಾಲನೆಯನ್ನು ತರಬೇತಿ ಪಡೆದ ವೃತ್ತಿಯನ್ನಾಗಿ ರೂಪಿಸಿದ ನಾರ್ಲೆಂಡ್ ಸಂಸ್ಥೆಯನ್ನು ಎಮಿಲಿ ವಾರ್ಡ್ 1892ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದರು.

ಸಂದರ್ಶನ ಮತ್ತು ನೇಮಕಾತಿ

ಭಾರತದಲ್ಲಿ ಶಿಶುಪಾಲಕಿಯರು ಹೆಚ್ಚಾಗಿ ಪರಿಚಿತರ ಮೂಲಕ ಅಥವಾ ಏಜೆನ್ಸಿಗಳ ಮೂಲಕ ದೊರೆಯುತ್ತಾರೆ. ಗುರುತಿನ ಚೀಟಿ ಮತ್ತು ಪೊಲೀಸ್ ಪರಿಶೀಲನೆಯು ವ್ಯಕ್ತಿಯ ಹಿನ್ನೆಲೆಯನ್ನು ತಿಳಿಸುತ್ತವೆಯೇ ಹೊರತು ಮಗುವಿನೊಡನೆ ಆಕೆಯ ವರ್ತನೆಯನ್ನಲ್ಲ. ಆದ್ದರಿಂದ ಹಿಂದೆ ಕೆಲಸ ಮಾಡಿದ ಮನೆಯವರೊಡನೆ ನೇರವಾಗಿ ಮಾತನಾಡುವುದು ಹೆಚ್ಚು ಉಪಯುಕ್ತ.

ಸಂದರ್ಶನದಲ್ಲಿ 'ಮಕ್ಕಳೆಂದರೆ ಇಷ್ಟವೇ?' ಎಂಬ ಪ್ರಶ್ನೆಯಿಂದ ಪ್ರಯೋಜನವಿಲ್ಲ. 'ಹೌದು' ಎಂದಲ್ಲದೆ ಬೇರೆ ಉತ್ತರ ಬರುವ ಸಂಭವ ಕಡಿಮೆ. ಸನ್ನಿವೇಶವನ್ನು ಮುಂದಿಟ್ಟು ಕೇಳಬೇಕಾಗುತ್ತದೆ: ಮಗು ಒಂದು ಗಂಟೆ ಬಿಡದೆ ಅತ್ತರೆ ಏನು ಮಾಡುವಿರಿ? ಗಂಟಲಲ್ಲಿ ಏನಾದರೂ ಸಿಕ್ಕಿಕೊಂಡರೆ? ವರ್ಷ ತುಂಬದ ಕೂಸಿನ ಉಸಿರು ಕಟ್ಟಿದಾಗ ಅದನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಹಿಡಿದು ಬೆನ್ನಿಗೆ ತಟ್ಟಬೇಕೆಂಬುದು, ಅಂಗಾತ ಮಲಗಿಸಬೇಕೆಂಬುದು, ಜೇನುತುಪ್ಪ ನೆಕ್ಕಿಸಬಾರದೆಂಬುದು ಆಕೆಗೆ ತಿಳಿದಿರಬೇಕು. ತಿಳಿಯದಿದ್ದಲ್ಲಿ ಕಲಿಸಬಹುದು, ಆದರೆ ತಪ್ಪಾದುದನ್ನು ಮುಚ್ಚಿಡುವ ಸ್ವಭಾವವನ್ನು ತಿದ್ದುವುದು ಕಷ್ಟ. ಮಗು ಬಿದ್ದಾಗ ಬೈಗುಳದ ಭಯದಿಂದ ಸುಮ್ಮನಾಗುವ ಪಾಲಕಿಯಿಂದ ಚಿಕಿತ್ಸೆ ತಡವಾಗುವ ಅಪಾಯವಿದೆ. ತಾಯಿ ಅಥವಾ ಅಜ್ಜಿ ಮನೆಯಲ್ಲಿದ್ದಾಗಲೇ ಕೆಲವು ದಿನ ಪ್ರಾಯೋಗಿಕವಾಗಿ ಕೆಲಸ ಮಾಡಿಸುವುದು ರೂಢಿ. ಆ ದಿನಗಳಿಗೂ ಕೂಲಿ ಸಲ್ಲಬೇಕು.

ಕೆಲಸದ ವೇಳೆ, ವಾರದ ರಜೆ, ಸಂಬಳದ ದಿನಾಂಕಗಳನ್ನು ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ. ಪಾತ್ರೆ, ಬಟ್ಟೆಯ ಕೆಲಸವೂ ಕ್ರಮೇಣ ಶಿಶುಪಾಲಕಿಯ ಪಾಲಿಗೆ ಬರುವುದು ಸಾಮಾನ್ಯ ತಕರಾರು. ಮನೆಯಲ್ಲಿ ಸಿಸಿಟಿವಿ ಇದ್ದರೆ ಮೊದಲೇ ತಿಳಿಸಬೇಕು.

ಕಾನೂನು

14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ನೇಮಿಸಿಕೊಳ್ಳುವುದನ್ನು ಭಾರತದಲ್ಲಿ 2006ರಲ್ಲಿ ನಿಷೇಧಿಸಲಾಯಿತು. ಲೈಂಗಿಕ ಕಿರುಕುಳ ತಡೆಗಾಗಿ 2013ರಲ್ಲಿ ಬಂದ ಕಾಯಿದೆಯು ಮನೆಯನ್ನೂ ಕೆಲಸದ ಸ್ಥಳವೆಂದು ಪರಿಗಣಿಸುತ್ತದೆ. ಕರ್ನಾಟಕ ಸರ್ಕಾರವು 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನವನ್ನು ನಿಗದಿಪಡಿಸಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಅಂಗೀಕರಿಸಿದ ಗೃಹಕಾರ್ಮಿಕರ 189ನೇ ಒಪ್ಪಂದವನ್ನು ಭಾರತ ಅನುಮೋದಿಸಿಲ್ಲ.