ಪ್ಯಾರಿಟಿ ಬಿಟ್
ದ್ವಿಮಾನ ದತ್ತಾಂಶವನ್ನು ಕಳಿಸುವಾಗ ದಾರಿಯಲ್ಲಿ ನುಸುಳುವ ದೋಷವನ್ನು ಪತ್ತೆಹಚ್ಚಲು ಸೇರಿಸುವ ಹೆಚ್ಚುವರಿ ಬಿಟ್. ಸಮ ಪ್ಯಾರಿಟಿಯಲ್ಲಿ 1ಗಳ ಒಟ್ಟು ಸಂಖ್ಯೆ ಸಮವಾಗುವಂತೆ, ಬೆಸ ಪ್ಯಾರಿಟಿಯಲ್ಲಿ ಬೆಸವಾಗುವಂತೆ ಇದರ ಬೆಲೆಯನ್ನು ಆರಿಸುತ್ತಾರೆ. ಆಸ್ಕಿ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡಕ್ಷರ ‘ಸಿ’ 1000011. ಇದರಲ್ಲಿ ಮೂರು 1ಗಳಿವೆ. ಸಮ ಪ್ಯಾರಿಟಿಗಾಗಿ ಎಡಕ್ಕೆ ಇನ್ನೊಂದು 1 ಸೇರಿಸಿದರೆ 11000011. ತಂತಿಯಲ್ಲಿನ ವಿದ್ಯುತ್ ಗದ್ದಲದಿಂದ ಅದು 11000111 ಆಗಿ ತಲುಪಿತೆನ್ನಿ, 1ಗಳು ಐದಾಗುತ್ತವೆ; ಪಡೆಯುವ ಯಂತ್ರಕ್ಕೆ ತಪ್ಪು ಕೂಡಲೇ ಗೊತ್ತಾಗುತ್ತದೆ. ಕೆಟ್ಟ ಬಿಟ್ ಯಾವುದೆಂದು ಮಾತ್ರ ತಿಳಿಯದು, ಮತ್ತೆ ಕಳಿಸಲು ಕೇಳಬೇಕು. ಎರಡು ಬಿಟ್‌ಗಳು ಒಟ್ಟಿಗೇ ಬದಲಾದರೆ ಎಣಿಕೆ ಮರಳಿ ಸಮವಾಗಿ ದೋಷ ಕಣ್ತಪ್ಪಿಹೋಗುತ್ತದೆ. ಈ ವಿಧಾನದ ದೊಡ್ಡ ಕೊರತೆ ಇದೇ. ಹಲವು ಪ್ಯಾರಿಟಿ ಬಿಟ್‌ಗಳನ್ನು ಹೆಣೆದು, ಕೆಟ್ಟ ಬಿಟ್‌ನ ಸ್ಥಾನವನ್ನೇ ಗುರುತಿಸಿ ತಿದ್ದುವ ಸೊಗಸಾದ ಸಂಕೇತವನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು.